ಹೋಲ್ಡನ್ ತಾಮ್ರದ ಗಣಿ: ಮುಚ್ಚಿ ಅರವತ್ತು ವರ್ಷ ದಾಟಿದರೂ ಇನ್ನೂ ಯಾಕೆ ಕಾವಲು?

ತೀರ್ಥಹಳ್ಳಿ_ಟು_ಸಿಯಾಟಲ್

ಎಲ್ಲರಿಗೂ ನಮಸ್ಕಾರ. ಬರಹ ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಇದ್ದಾಗ ಓದಿ.

ಹೋದ ತಿಂಗಳು ಮನೆಯವರ ಜೊತೆ ಶೆಲಾನ್ ಸರೋವರದ ಕಡೆ ಹೋಗಿದ್ದೆ. ವಾಷಿಂಗ್ಟನ್ ರಾಜ್ಯದಲ್ಲಿ, ಕ್ಯಾಸ್ಕೇಡ್ ಬೆಟ್ಟಗಳ ನಡುವೆ ಇದೆ. ಸರೋವರ ಅಂತಾರೆ, ನೋಡಿದರೆ ಹೊಳೆಯ ಹಾಗೆ ಸಪೂರ. ಉದ್ದ ಮಾತ್ರ 80 ಕಿ.ಮೀ. ದೋಣಿಯಲ್ಲಿ ಹೋಗಿ ಲೂಸರ್ನ್ ಅನ್ನೋ ಕಡೆ ಇಳಿದೆವು. ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಅಲ್ಲಿಂದ ಬಸ್ಸಿನಲ್ಲಿ ಸುಮಾರು 18 ಕಿ.ಮೀ. ಹತ್ತಿದರೆ ಹೋಲ್ಡನ್. ತಿರುವುಗಳನ್ನು ನೋಡಿ ನಮ್ಮ ಆಗುಂಬೆ ನೆನಪಾಯಿತು. ಮಗಳು ವಾಂತಿ ಮಾಡಿಕೊಂಡಿದ್ದೂ ಆಗುಂಬೆಯ ಹಾಗೆಯೇ.

ಊರು ಚೆಂದ ಇದೆ. ಮರದ ಮನೆಗಳು, ಒಂದು ದೊಡ್ಡ ಊಟದ ಮನೆ, ಗಣಿ ಕಾಲದ ಬೌಲಿಂಗ್ ಆಟದ ಜಾಗ. ಫೋನ್ ಸಿಗ್ನಲ್ ಇಲ್ಲ. ಸುತ್ತ ಗ್ಲೇಸಿಯರ್ ಪೀಕ್ ಅನ್ನೋ ಸಂರಕ್ಷಿತ ಕಾಡು. ತೊರೆ ದಾಟಿ ಆಚೆ ದಡಕ್ಕೆ ಹೋದರೆ ಮಾತ್ರ ಬೇರೆಯದೇ ಲೋಕ. ಮಟ್ಟಸ ಮಾಡಿದ ಮೂರು ಗುಡ್ಡ ಸಾಲಾಗಿ ಕೂತಿವೆ. ಅವು ಗುಡ್ಡ ಅಲ್ಲ, ಅದಿರು ಅರೆದು ತಾಮ್ರ ತೆಗೆದ ಮೇಲೆ ಉಳಿದ ಪುಡಿ. 80 ಲಕ್ಷ ಟನ್‌ಗೂ ಜಾಸ್ತಿ.

ಕಥೆ ಹೀಗೆ. ಜೇಮ್ಸ್ ಹೆನ್ರಿ ಹೋಲ್ಡನ್ ಅನ್ನುವವನು 1896ರಲ್ಲಿ ಇಲ್ಲಿ ಅದಿರು ಕಂಡ. ಸಾಯುವವರೆಗೂ ಅದರಿಂದ ಅವನಿಗೆ ದೊಡ್ಡ ದುಡ್ಡೇನೂ ಬರಲಿಲ್ಲ. ಅದಿರು ಇತ್ತು, ಸಾಗಿಸಲು ದಾರಿ ಇರಲಿಲ್ಲ. ತೊರೆಗೆ ರೈಲ್‌ರೋಡ್ ಕ್ರೀಕ್ ಅಂತ ಹೆಸರು, ರೈಲು ಮಾತ್ರ ಇವತ್ತಿಗೂ ಬಂದಿಲ್ಲ! ಕೊನೆಗೆ ಹೋವ್ ಸೌಂಡ್ ಅನ್ನೋ ಕಂಪನಿ ದುಡ್ಡು ಸುರಿದು 1938ರಲ್ಲಿ ಗಣಿ ಶುರು ಮಾಡಿತು. 1957ರಲ್ಲಿ ತಾಮ್ರದ ಬೆಲೆ ಬಿತ್ತು, ಖರ್ಚು ಏರಿತು, ಬಾಗಿಲು ಹಾಕಿದರು. ಒಟ್ಟು 19 ವರ್ಷ. ಅಷ್ಟರಲ್ಲಿ ತೆಗೆದ ತಾಮ್ರ ಸುಮಾರು 96,000 ಟನ್. ಜೊತೆಗೆ ಸತು, ಬೆಳ್ಳಿ, ಚಿನ್ನ.

ನನ್ನ ತಲೆ ತಿಂತಿರೋ ವಿಷಯ ಇದು. 19 ವರ್ಷ ನಡೆದು 1957ರಲ್ಲೇ ಮುಚ್ಚಿದ ಗಣಿಗೆ ಈಗ ಹೊಸದಾಗಿ ನೀರು ಶುದ್ಧ ಮಾಡುವ ಘಟಕ ಕಟ್ಟಿದ್ದಾರೆ. ಯಾವಾಗ ನಿಲ್ಲಿಸುತ್ತೀರಿ ಅಂತ ಅಲ್ಲಿದ್ದ ಒಬ್ಬರನ್ನು ಕೇಳಿದೆ. ನಕ್ಕರು. ನಿಲ್ಲಿಸುವ ಲೆಕ್ಕವೇ ಇಲ್ಲವಂತೆ. ಕೆಲಸವೇ ಇಲ್ಲದ ಗಣಿಯಿಂದ ಕೊಳೆ ನೀರು ಯಾಕೆ ಬರುತ್ತದೆ? ಗಣಿ ಗೊತ್ತಿರೋರು ಯಾರಾದರೂ ಹೇಳಿ.

ಸುಮ್ನೆ_ಓದೋನು

ಒಳ್ಳೆ ಬರಹ ಸರ್. ಇದು ಸಣ್ಣ ಗಣಿಯಾ, ದೊಡ್ಡದಾ? 96,000 ಟನ್ ಅಂದ್ರೆ ನನಗೆ ಅಂದಾಜೇ ಸಿಗುತ್ತಿಲ್ಲ.

ತೀರ್ಥಹಳ್ಳಿ_ಟು_ಸಿಯಾಟಲ್

ಒಳಗೆ ಒಟ್ಟು 57 ಮೈಲಿ ಸುರಂಗ ಅಂತಾರೆ, ಅಂದರೆ 90 ಕಿ.ಮೀ. ಮೇಲೆ. ಕೆಜಿಎಫ್‌ನವರು ಇದ್ದರೆ ಇದನ್ನು ಓದಿ ನಗಬಹುದು.

ಮಾರಿಕುಪ್ಪಂ_ಲೋಕಲ್

ನಗ್ತಾ ಇದ್ದೀನಿ ಅಣ್ಣ 😄 ನಮ್ಮಲ್ಲಿ ಸಾವಿರ ಕಿ.ಮೀ. ಮೀರಿದ ಸುರಂಗ ಇದೆ. ಅದರಲ್ಲಿ ಚಾಂಪಿಯನ್ ರೀಫ್ ಅನ್ನೋ ಗಣಿ 3 ಕಿ.ಮೀ.ಗಿಂತ ಆಳ. ನಡೆದಿದ್ದು 120 ವರ್ಷ. ನಿಮ್ಮದು ಮರಿ.

ಆದರೆ ಆ ಮೂರು ಗುಡ್ಡದ ಸಾಲು ಓದಿ ನಗು ನಿಂತುಹೋಯ್ತು. ನಮ್ಮೂರಲ್ಲೂ ಅವೇ ಇರೋದು. ಸೈನೈಡ್ ದಿಬ್ಬ ಅಂತೀವಿ. ಮೂರಲ್ಲ, ಹತ್ತಕ್ಕಿಂತ ಜಾಸ್ತಿ. ಗಾಳಿ ಕಾಲದಲ್ಲಿ ಪುಡಿ ಎದ್ದರೆ ಅಮ್ಮ ಒಣಗಲು ಹಾಕಿದ ಬಟ್ಟೆ ಓಡಿ ಹೋಗಿ ತರ್ತಿದ್ದರು. ತಟ್ಟೆ ಬೋರಲು ಹಾಕಿ, ಬಡಿಸೋ ಹೊತ್ತಿಗೆ ಮಾತ್ರ ತಿರುಗಿಸೋದು. ಹಲ್ಲಿನ ನಡುವೆ ನರನರ ಅನ್ನೋದು ನಮಗೆ ಊಟದ ಒಂದು ರುಚಿ ಅಂತಲೇ ಅಂದುಕೊಂಡಿದ್ದೆ. ಬೆಂಗಳೂರಿಗೆ ಬಂದ ಮೇಲೆ ಗೊತ್ತಾಯ್ತು ಎಲ್ಲರ ಅನ್ನದಲ್ಲೂ ಮಣ್ಣು ಇರಲ್ಲ ಅಂತ.

ಹಟ್ಟಿ_ಕಾಕಾ

ಪ್ರಶ್ನೆ ಭಾಳ ಛಲೋ ಕೇಳೀರಿ. ನಾನು ಮೂವತ್ತು ವರ್ಷ ನೆಲದ ಕೆಳಗೆ ಕೆಲಸ ಮಾಡಿದವನು, ಈಗ ನಿವೃತ್ತಿ. ಗೊತ್ತಿದ್ದಷ್ಟು ಹೇಳ್ತೀನಿ.

ಮೊದಲು ಒಂದು ವ್ಯತ್ಯಾಸ ತಿಳಕೊಳ್ರಿ. ಕೋಲಾರ, ಹಟ್ಟಿ ಎರಡೂ ಬಯಲು ನೆಲ. ಅಲ್ಲಿ ಬಾವಿ ತೋಡಿದ ಹಾಗೆ ಕೆಳಗೆ ಶಾಫ್ಟ್ ಇಳಿಸಬೇಕು. ನೀರು ಬಂದರೆ ಪಂಪು ಹಚ್ಚಿ ಮೇಲೆ ಎಳೀಬೇಕು. ಪಂಪು ನಿಲ್ಲಿಸಿದ ದಿನ ಗಣಿ ತಾನೇ ತುಂಬತದ. ಕೆಜಿಎಫ್ 2001ರಲ್ಲಿ ಮುಚ್ಚಿದ ಮೇಲೆ ಆದದ್ದು ಅದೇ.

ಬೆಟ್ಟದ ಗಣಿ ಹಾಗಲ್ಲ. ಬೆಟ್ಟದ ಪಕ್ಕೆಯಿಂದ ಅಡ್ಡಕ್ಕೆ ಸುರಂಗ ಹೊಡೀತಾರೆ. ಅದಕ್ಕೆ ಅಡಿಟ್ ಅಂತೀವಿ. ಅದಿರು ಮೇಲೆ ಇರತದ, ಸಿಡಿಸಿದರೆ ಕೆಳಗೆ ಬೀಳತದ, ಬಂಡಿಗೆ ತುಂಬಿ ಹೊರಗೆ ತರೋದು. ಬೀಳಿಸೋ ಕೆಲಸ ಭೂಮಿನೇ ಮಾಡತದ. ನೀರೂ ಅದೇ ದಾರಿ ಹಿಡೀತದ. ಪಂಪು ಬೇಡ, ಕರೆಂಟು ಬೇಡ. ಗಣಿ ನಡೆಯುವಾಗ ಇದು ದೊಡ್ಡ ಅನುಕೂಲ. ಮುಚ್ಚಿದ ಮೇಲೆ ಅದೇ ಶಾಪ. ಯಾಕಂದ್ರೆ ಆ ಬಾಯಿಗಿಂತ ಕೆಳಗಿನ ಭಾಗ ತುಂಬತದ, ಮೇಲಿನ ಭಾಗ ತುಂಬೋದೇ ಇಲ್ಲ. ಮಳೆ, ಹಿಮ ಕರಗಿದ ನೀರು ಬೆಟ್ಟದ ಬಿರುಕಿನಿಂದ ಇಳಿದು, ಅದಿರು ತೆಗೆದು ಖಾಲಿಯಾದ ಗುಹೆಗಳ (ಸ್ಟೋಪ್ ಅಂತೀವಿ) ಗೋಡೆ ತೊಳಕೊಂಡು, ಅಡಿಟ್ ಬಾಯಿಂದ ಹೊರಗೆ. ಬೆಟ್ಟದ ಮೇಲೆ ಹಿಮ ಬೀಳೋತನಕ ಅದು ನಿಲ್ಲಂಗಿಲ್ಲ.

ಇನ್ನು ಕೊಳೆ ಯಾಕೆ ಅಂದ್ರೆ, ಅದಿರಿನ ಜಾತಿ. ಅಲ್ಲಿಯ ತಾಮ್ರ ಗಂಧಕದ ಜೊತೆ ಕೂಡಿದ್ದು. ಪಕ್ಕದಲ್ಲೇ ಪೈರೈಟ್ ಇರತದ, ಕಬ್ಬಿಣ ಮತ್ತು ಗಂಧಕ. ಬಂಡೆಯೊಳಗೆ ಇದ್ದಾಗ ಅದರಿಂದ ಏನೂ ತೊಂದರೆ ಇಲ್ಲ. ಒಡೆದು, ಗಾಳಿ ತಾಗಿಸಿ, ನೀರು ಹನಿಸಿದಿರೋ, ಗಂಧಕದ ಆಮ್ಲ ಹುಟ್ಟತದ. ಪೈರೈಟ್ ತಿಂದು ಬದುಕೋ ಸೂಕ್ಷ್ಮಾಣುಗಳೂ ಅದಾವ, ಅವು ಇನ್ನೂ ಜೋರು ಮಾಡ್ತಾವ. ಆ ಆಮ್ಲ ಬಂಡೆಯಿಂದ ತಾಮ್ರ, ಸತು, ಕ್ಯಾಡ್ಮಿಯಂ ಎಲ್ಲ ಕರಗಿಸಿ ತರತದ. ಕಬ್ಬಿಣ ತೊರೆಯೊಳಗೆ ಬಂದ ಕೂಡಲೇ ತುಕ್ಕಿನ ಬಣ್ಣದಾಗ ಕೂರತದ. ನೀವು ತೊರೆಯ ಕಲ್ಲು ನೋಡಿದ್ರ್ಯಾ? ಕಿತ್ತಳೆ ಬಣ್ಣ ಇತ್ತ?

ತೀರ್ಥಹಳ್ಳಿ_ಟು_ಸಿಯಾಟಲ್

ಹೌದು ಕಾಕಾ! ಹಳೇ ಫೋಟೋಗಳಲ್ಲಿ ತೊರೆಯ ದಡ ಪೂರ್ತಿ ಕಿತ್ತಳೆ. ಕಲ್ಲುಗಳು ಸಿಮೆಂಟ್ ಹಾಕಿದ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವಂತೆ. ಕಲ್ಲಿನ ಸಂದಿಯಲ್ಲಿ ಬದುಕುವ ಹುಳುಗಳಿಗೆ ಜಾಗವೇ ಇರಲಿಲ್ಲ. ಹುಳು ಇಲ್ಲದಿದ್ದರೆ ಮೀನಿಗೆ ಊಟ ಎಲ್ಲಿಂದ?

ಲೆಕ್ಕದ_ಪುಸ್ತಕ

ಭಾವನೆ ಪಕ್ಕಕ್ಕಿಟ್ಟು ಸ್ವಲ್ಪ ಲೆಕ್ಕ ನೋಡೋಣ. ಹುಡುಕಿ ನೋಡಿದೆ. ಆ ಗಣಿ ಒಟ್ಟು ತೆಗೆದ ಲೋಹದ ಬೆಲೆ ಆಗಿನ ದರದಲ್ಲಿ ಸುಮಾರು 6.7 ಕೋಟಿ ಡಾಲರ್. ಸ್ವಚ್ಛ ಮಾಡಲು ಆದ ಖರ್ಚು 50 ಕೋಟಿ ಡಾಲರ್ ಆಸುಪಾಸು ಅಂತ ವರದಿಗಳಲ್ಲಿದೆ. ಇದನ್ನು ಹಿಡಿದುಕೊಂಡು ಎಲ್ಲರೂ "ಅಯ್ಯೋ ಏಳು ಪಟ್ಟು" ಅಂತ ಬಾಯಿ ಬಡಿದುಕೊಳ್ಳಬೇಡಿ. 1940ರ ಡಾಲರ್ ಬೇರೆ, ಈಗಿನ ಡಾಲರ್ ಬೇರೆ. ಅದು ಎರಡನೇ ಮಹಾಯುದ್ಧದ ಕಾಲ. ತಂತಿಗೆ, ಗುಂಡಿನ ತೋಟೆಗೆ ತಾಮ್ರ ಬೇಕೇ ಬೇಕಿತ್ತು. ಈ ಚರ್ಚೆ ಓದುತ್ತಿರುವ ಫೋನಿನಲ್ಲೂ ತಾಮ್ರ ಇದೆ. ಗಣಿಯೇ ಬೇಡ ಅನ್ನುವವರು ಮೊದಲು ಮನೆಯ ವೈರಿಂಗ್ ಕಿತ್ತು ಹಾಕಲಿ.

ಕುದುರೆಮುಖದ_ಹುಡುಗಿ

ಗಣಿ ಬೇಡ ಅಂತ ಇಲ್ಲಿ ಯಾರು ಅಂದರು? ಓದಿ ಉತ್ತರ ಬರೆಯಿರಿ ಸರ್.

ನಾನು ಹುಟ್ಟಿ ಬೆಳೆದದ್ದೇ ಕುದುರೆಮುಖ ಟೌನ್‌ಶಿಪ್ಪಿನಲ್ಲಿ. ಅಪ್ಪನ ಸಂಬಳ ಬಂದದ್ದು ಗಣಿಯಿಂದ, ನಾನು ಓದಿದ್ದು ಆ ದುಡ್ಡಲ್ಲಿ. ಹಾಗಾಗಿ ಹೋಲ್ಡನ್ ಊರಿನ ಬಗ್ಗೆ ಓದುವಾಗ ನನಗೆ ಮೊದಲು ಕಂಡದ್ದು ಆಮ್ಲ ಅಲ್ಲ, ಬೌಲಿಂಗ್ ಆಟದ ಜಾಗ. ಕಾಡಿನ ನಡುವೆ ಶಾಲೆ, ಆಸ್ಪತ್ರೆ, ಕ್ಲಬ್, ಎಲ್ಲ ಇರುವ ಊರು. ಹೊರಗಿನವರಿಗೆ ಅದು ಗಣಿ. ನಮಗೆ ಅದು ಮಳೆಗಾಲದಲ್ಲಿ ಜಿಗಣೆ ಕಿತ್ತುಕೊಂಡು ಶಾಲೆಗೆ ಹೋದ ದಾರಿ. ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು. ಈಗ ಹೋದರೆ ನಮ್ಮ ಮನೆಯ ಗೋಡೆ ಮೇಲೆ ಪಾಚಿ.

ಒಂದು ವಿಷಯ ಮಾತ್ರ ಸರಿಯಾಗಿ ಹೇಳಬೇಕು, ಯಾಕೆಂದರೆ ಎರಡನ್ನೂ ಕಲಸಿ ಮಾತಾಡುವವರು ಜಾಸ್ತಿ. ಕುದುರೆಮುಖದ್ದು ತೆರೆದ ಗಣಿ. ಅದಿರು ಕಬ್ಬಿಣದ ಆಕ್ಸೈಡ್. ಅಲ್ಲಿ ಮುಖ್ಯ ತಕರಾರು ಹೂಳು. ಮಳೆಗೆ ಮಣ್ಣು ಕೊಚ್ಚಿ ಭದ್ರೆಗೆ ಹೋಗುತ್ತದೆ ಅನ್ನುವುದು. ಹೋಲ್ಡನ್‌ದು ಗಂಧಕದ ಅದಿರು, ಅಲ್ಲಿ ತಕರಾರು ಆಮ್ಲ. ಹೂಳು ಕಣ್ಣಿಗೆ ಕಾಣುತ್ತದೆ. ಕರಗಿದ ತಾಮ್ರ ಕಾಣುವುದಿಲ್ಲ.

ಅಂದ ಹಾಗೆ, ಆ ಊರು ಉಳಿದದ್ದು ಹೇಗೆ? ನಮ್ಮದು ಯಾಕೆ ಉಳಿಯಲಿಲ್ಲ ಅಂತ ಹೊಟ್ಟೆಕಿಚ್ಚು, ಮತ್ತೇನಿಲ್ಲ.

ತೀರ್ಥಹಳ್ಳಿ_ಟು_ಸಿಯಾಟಲ್

ಅದೊಂದು ಮಜಾ ಕಥೆ ಅಕ್ಕ. ವೆಸ್ ಪ್ರೀಬ್ ಅನ್ನುವವರು ಗಣಿ ಮುಚ್ಚಿದ ಸುದ್ದಿ ಓದಿ ಕಂಪನಿಗೆ ಕಾಗದ ಬರೆದರು. ಈ ಊರು ಚರ್ಚಿನ ಶಿಬಿರಕ್ಕೆ ಕೊಡುತ್ತೀರಾ ಅಂತ. ಒಂದು ಲಕ್ಷ ಡಾಲರ್ ಅಂತ ಉತ್ತರ ಬಂತು. ಅಷ್ಟು ದುಡ್ಡು ಎಲ್ಲಿಂದ ತರೋದು? ಅವರು ಬಿಡಲಿಲ್ಲ, ಮತ್ತೆ ಮತ್ತೆ ಬರೆದರು. 1960ರಲ್ಲಿ ಕಂಪನಿ ಊರಿಗೆ ಊರನ್ನೇ ಸಿಯಾಟಲ್ ಕಡೆಯ ಒಂದು ಲೂಥರನ್ ಸಂಸ್ಥೆಗೆ ದಾನ ಕೊಟ್ಟುಬಿಟ್ಟಿತು! ಕಾಡಿನ ನಡುವೆ ಕೊಳ್ಳುವವರೇ ಇಲ್ಲದ ಊರು, ಇಟ್ಟುಕೊಂಡು ಏನು ಮಾಡೋದು ಅಂತ ಅನ್ನಿಸಿರಬೇಕು. ಅಲ್ಲಿಂದ ಈವರೆಗೂ ಶಿಬಿರದ ಊರಾಗಿ ನಡೆಯುತ್ತಿದೆ. ಯಾರು ಬೇಕಾದರೂ ಹೋಗಿ ಇರಬಹುದು.

@ಲೆಕ್ಕದ_ಪುಸ್ತಕ: ಬೆಲೆ ಏರಿಕೆಯ ಮಾತು ಸರಿ, ಒಪ್ಪುತ್ತೇನೆ. ಆದರೆ ಆ 50 ಕೋಟಿ ಕೊಟ್ಟವರು ಯಾರು ಗೊತ್ತಾ? ರಿಯೋ ಟಿಂಟೊ ಅನ್ನೋ ದೊಡ್ಡ ಗಣಿ ಕಂಪನಿ. ಆ ಕಂಪನಿ ಅಲ್ಲಿ ಒಂದು ಬುಟ್ಟಿ ಅದಿರನ್ನೂ ತೆಗೆದಿಲ್ಲ. ಹಳೇ ಕಂಪನಿಯನ್ನು ಇನ್ನೊಬ್ಬ ಕೊಂಡ, ಅವನನ್ನು ಮತ್ತೊಬ್ಬ ಕೊಂಡ. ಹೀಗೆ ಹೊಣೆ ಕೈಯಿಂದ ಕೈಗೆ ದಾಟಿ, 2007ರಲ್ಲಿ ಆಲ್ಕನ್ ಅನ್ನೋ ಕಂಪನಿಯನ್ನು ರಿಯೋ ಟಿಂಟೊ ಕೊಂಡಾಗ ಅವರ ತಲೆಗೆ ಬಂತು. ಆಸ್ತಿ ಕೊಂಡರೆ ಸಾಲವೂ ಬರುತ್ತದೆ ಅಂತ ಅಮೆರಿಕದ 1980ರ ಸೂಪರ್‌ಫಂಡ್ ಕಾನೂನು ಹೇಳುತ್ತದೆ. ಅಷ್ಟು ದೊಡ್ಡ ಕಂಪನಿಯ ಕೈಗೆ ಬರದೆ ನಡುವೆ ಯಾರಾದರೂ ದಿವಾಳಿ ಎದ್ದಿದ್ದರೆ? ಕಿತ್ತಳೆ ತೊರೆ ಹಾಗೇ ಇರುತ್ತಿತ್ತು. ಅದೃಷ್ಟ ಅಂತಲೇ ನನಗೆ ಅನ್ನಿಸುತ್ತದೆ, ವ್ಯವಸ್ಥೆ ಅಂತಲ್ಲ.

ಲೆಕ್ಕದ_ಪುಸ್ತಕ

ಇದು ಗೊತ್ತಿರಲಿಲ್ಲ. ತೆಗೆದವನೊಬ್ಬ, ತೆತ್ತವನೊಬ್ಬ. ಸರಿ, ವೈರಿಂಗ್ ಮಾತು ವಾಪಸ್ ತೆಗೆದುಕೊಂಡೆ.

ಆದರೆ ಒಂದು ಅನುಮಾನ. ನೀರು ಬರುವುದೇ ಒಂದು ಬಾಯಿಂದ ಅಂದರೆ, ಕಾಂಕ್ರೀಟ್ ಹಾಕಿ ಆ ಬಾಯಿ ಮುಚ್ಚಿದರೆ ಮುಗಿಯಿತಲ್ಲವಾ? ನೂರಾರು ವರ್ಷ ಘಟಕ ನಡೆಸುವ ಬದಲು ನಾಲ್ಕು ಲಾರಿ ಸಿಮೆಂಟು.

ಹಟ್ಟಿ_ಕಾಕಾ

ಎಲ್ಲರೂ ಮೊದಲು ಕೇಳೋ ಪ್ರಶ್ನೆ ಇದು. ಗಣಿ ಕಾಲೇಜಿಂದ ಹೊಸದಾಗಿ ಬಂದ ಹುಡುಗರೂ ಕೇಳ್ತಿದ್ದರು.

ನೀರು ಹತ್ತು ಮೀಟರ್ ಏರಿದರೆ ಒಂದು ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ. ಬಾಯಿ ಮುಚ್ಚಿದಿರಿ, ಬೆಟ್ಟದೊಳಗೆ ನೀರು ನೂರು ಮೀಟರ್ ಏರಿತು ಅಂತ ತಿಳಕೊಳ್ರಿ. ಹತ್ತು ಕಿಲೋ. ನಿಮ್ಮ ಸಿಮೆಂಟು ತಡಕೊಂಡೀತು, ಅದರ ಪಕ್ಕದ ಬಂಡೆಯ ಬಿರುಕು ತಡಕೊಳ್ಳಬೇಕಲ್ಲ? ನೀರು ಬೆಟ್ಟದ ಇನ್ನೊಂದು ಪಕ್ಕೆಯಿಂದ ಹೊರಡತದ. ಮೊದಲು ಒಂದು ಬಾಯಿ ಇತ್ತು, ಈಗ ಹತ್ತು.

ಹಂಗಂತ ಸುಮ್ಮನೆ ಬಿಟ್ಟರೂ ಕಷ್ಟ. 2015ರ ಆಗಸ್ಟಿನಾಗ ಕೊಲರಾಡೊ ರಾಜ್ಯದ ಗೋಲ್ಡ್ ಕಿಂಗ್ ಅನ್ನೋ ಹಳೇ ಗಣಿಯ ಬಾಯಿಯ ಮಣ್ಣು ಕೆದಕಲಿಕ್ಕೆ ಹೋಗಿ, ಹಿಂದೆ ಕಟ್ಟಿಕೊಂಡಿದ್ದ ನೀರು ಒಮ್ಮೆಲೇ ನುಗ್ಗಿತು. ಒಂದು ಕೋಟಿ ಲೀಟರಿಗಿಂತ ಜಾಸ್ತಿ. ಅನಿಮಾಸ್ ನದಿ ಅರಿಶಿನ ಕದಡಿದ ಹಾಗಾಗಿತ್ತು. ಕೆದಕಿದವರು ಯಾರೋ ಪುಂಡರಲ್ಲ ಮತ್ತೆ, ಅಲ್ಲಿಯ ಸರ್ಕಾರದ ಪರಿಸರ ಸಂಸ್ಥೆಯವರ ಕೆಲಸವೇ ಅದು.

ಅದಕ್ಕೆ ನಡುವಿನ ದಾರಿ ಅಂದ್ರೆ, ಸುರಂಗದೊಳಗೆ ಗಟ್ಟಿ ಗೋಡೆ ಕಟ್ಟಿ ಅದಕ್ಕೊಂದು ಕೊಳಾಯಿ ಇಡೋದು. ಹಿಮ ಕರಗೋ ಕಾಲದಾಗ ನೀರು ಒಳಗೇ ತಡೆದು, ಆಮೇಲೆ ನಿಧಾನಕ್ಕೆ ಬಿಡೋದು. ಘಟಕಕ್ಕೆ ವರ್ಷವಿಡೀ ಒಂದೇ ಸಮ ನೀರು. ಕೆರೆ ತೂಬು ಇದ್ದ ಹಾಗೆ. ಹೋಲ್ಡನ್ನಿನಾಗ ಏನು ಮಾಡ್ಯಾರ?

ತೀರ್ಥಹಳ್ಳಿ_ಟು_ಸಿಯಾಟಲ್

ಕರೆಕ್ಟಾಗಿ ಅದೇ ಕಾಕಾ. ಸುರಂಗದಲ್ಲಿ ತಡೆಗೋಡೆ ಹಾಕಿದ್ದಾರೆ, ನೀರು ಹಿಡಿದು ಬಿಡಲು. ಆದರೆ ಅಲ್ಲಿ ಕೊಳೆ ನೀರು ಎರಡು ಕಡೆಯಿಂದ ಬರುತ್ತದೆ. ಒಂದು ಗಣಿಯ ಬಾಯಿ, ಇನ್ನೊಂದು ಆ ಮೂರು ಗುಡ್ಡದ ಅಡಿ. ಗುಡ್ಡಕ್ಕೂ ತೊರೆಗೂ ನಡುವೆ ನೆಲದೊಳಗೆ ಉದ್ದಕ್ಕೆ ಒಂದು ಗೋಡೆ ಇಳಿಸಿದ್ದಾರೆ, ಒಸರು ತೊರೆಗೆ ಹೋಗದ ಹಾಗೆ. ತೊರೆಯನ್ನೇ ಸ್ವಲ್ಪ ದೂರ ಹೊಸ ಪಾತ್ರಕ್ಕೆ ತಿರುಗಿಸಿದ್ದಾರೆ. ಗುಡ್ಡದ ಇಳಿಜಾರು ಕಡಿಮೆ ಮಾಡಿ ಕುಸಿಯದಂತೆ ಮಾಡಿದ್ದಾರೆ. ಇಷ್ಟೆಲ್ಲ ಯಂತ್ರ, ಕಬ್ಬಿಣ, ಸಿಮೆಂಟು ಎಲ್ಲವೂ ಸರೋವರದ ಮೇಲೆ ತೆಪ್ಪದಂಥ ದೊಡ್ಡ ದೋಣಿಯಲ್ಲಿ ಹೋಗಿ, ಆ ಆಗುಂಬೆ ರಸ್ತೆ ಹತ್ತಬೇಕಿತ್ತು. ದುಡ್ಡು ಎಲ್ಲಿ ಹೋಯ್ತು ಅಂತ ಕೇಳಿದರೆ ಅರ್ಧ ಉತ್ತರ ಆ ರಸ್ತೆಯಲ್ಲೇ ಇದೆ ಅಂತ ನನ್ನ ಅಂದಾಜು.

ಅದರ ನಡುವೆ 2015ರಲ್ಲಿ ಸಿಡಿಲು ಬಿದ್ದು ವೂಲ್ವರೀನ್ ಅನ್ನೋ ಕಾಡ್ಗಿಚ್ಚು. ಊರು ಖಾಲಿ ಮಾಡಿಸಿದರು. ಬೆಂಕಿ ಊರಿನ ಅಂಚಿಗೇ ಬಂದಿತ್ತು. ಸುಟ್ಟ ಮರಗಳು ಈಗಲೂ ಬೆಟ್ಟದ ಮೇಲೆ ಕಡ್ಡಿಗಳ ಹಾಗೆ ನಿಂತಿವೆ.

ಮತ್ತೆ ಆ ಪುಡಿ ಹಾರುವ ಕಾಟ ಅಲ್ಲೂ ಇತ್ತು, @ಮಾರಿಕುಪ್ಪಂ_ಲೋಕಲ್. 1989ರಿಂದ 1991ರ ಒಳಗೆ ಅರಣ್ಯ ಇಲಾಖೆಯವರು ಗುಡ್ಡಗಳ ಮೇಲೆ ಜಲ್ಲಿ ಹರಡಿದರು. ಧೂಳು ಅಷ್ಟಕ್ಕೇ ಬಹಳಷ್ಟು ಕಡಿಮೆಯಾಯಿತಂತೆ.

ಮಾರಿಕುಪ್ಪಂ_ಲೋಕಲ್

ಜಲ್ಲಿ. ಬರೀ ಜಲ್ಲಿ.

ನಮ್ಮ ದಿಬ್ಬದ ಬಗ್ಗೆ ಮಾತು ಬಂದಾಗೆಲ್ಲ ಅದರೊಳಗೆ ಎಷ್ಟು ಚಿನ್ನ ಉಳಿದಿದೆ, ಹೇಗೆ ತೆಗೆಯೋದು ಅನ್ನೋದೇ ಸುದ್ದಿ. ಮೇಲೆ ಏನಾದರೂ ಹೊದಿಸಿ ಅನ್ನೋದು ಸುದ್ದಿಯೇ ಅಲ್ಲ.

ಗದಗಿನ_ಗಾಳಿ

ನಾನು ಕಪ್ಪತಗುಡ್ಡದ ಬುಡದವನು. ನಮ್ಮಲ್ಲಿ ಕಬಲಾಯತಕಟ್ಟಿ ಹತ್ತಿರ ಬ್ರಿಟಿಷರ ಕಾಲದಲ್ಲಿ ಚಿನ್ನಕ್ಕೆ ಸುರಂಗ ತೋಡಿದ್ದರು. ಅವರು ಬಿಟ್ಟುಹೋದರು, ತೂತು ಉಳಿದವು. ಗುಡ್ಡ 2019ರಲ್ಲಿ ವನ್ಯಜೀವಿ ಧಾಮ ಆಯಿತು. ಆದರೂ ಚಿನ್ನದ ಮಾತು ಬಂದಾಗೆಲ್ಲ "ಸಣ್ಣ ಗಣಿ, ನೆಲದ ಕೆಳಗೆ ನಡೆಯುತ್ತದೆ, ಮೇಲೆ ಗಿಡ ಹಾಗೇ ಇರುತ್ತದೆ" ಅಂತ ಹೇಳುವವರು ಇದ್ದೇ ಇದ್ದಾರೆ. ಕಾಕಾ, ಇದು ನಿಜವೇ?

ಹಟ್ಟಿ_ಕಾಕಾ

ಅರ್ಧ ನಿಜ. ಸುರಂಗದ ಮೇಲಿನ ಗಿಡ ಇರತಾವ, ಹೌದು. ಆದರೆ ನೂರು ಕಿಲೋ ಕಲ್ಲು ತೆಗೆದರೆ ಹೋಲ್ಡನ್ನಿನಾಗ ಸಿಕ್ಕಿದ್ದು ಒಂದು ಕಿಲೋ ತಾಮ್ರ. ಚಿನ್ನದ ಗಣಿಯಾಗ ಟನ್ನಿಗೆ ಕೆಲವೇ ಗ್ರಾಂ. ಉಳಿದ ಪುಡಿ ಎಲ್ಲಿ ಇಡ್ತೀರಿ? ಒಂದಿಷ್ಟು ಒಳಗೆ ತುಂಬಬಹುದು. ಎಲ್ಲ ಹಿಡಿಸಂಗಿಲ್ಲ, ಅರೆದ ಕಲ್ಲು ಉಬ್ಬತದ. ರಸ್ತೆ ಬೇಕು, ಮಿಲ್ ಬೇಕು, ಜನ ಇರಲಿಕ್ಕೆ ಊರು ಬೇಕು.

ನಾನು ಗಣಿಯ ಅನ್ನ ತಿಂದವನು, ಗಣಿ ಕೆಟ್ಟದ್ದು ಅನ್ನಂಗಿಲ್ಲ. ಗಣಿ ತೆರೆಯೋವಾಗ ಅದಿರು ಎಷ್ಟು ಅಂತ ಎಲ್ಲರೂ ಕೇಳ್ತಾರ. ನೀವು ಹೋಗಿ, ಕಲ್ಲಿನಾಗ ಪೈರೈಟ್ ಎಷ್ಟು, ನೀರು ಯಾವ ಕಡೆ ಹರೀತದ, ಮುಚ್ಚಿದ ಮೇಲೆ ಕೊಳಾಯಿ ತಿರುಗಿಸೋ ಮನುಷ್ಯನ ಪಗಾರ ಯಾರು ಕೊಡ್ತಾರ ಅಂತ ಕೇಳ್ರಿ. ಈಗ ನಮ್ಮ ಕಾನೂನಿನಾಗೂ ಮುಚ್ಚುವ ಯೋಜನೆ ಮೊದಲೇ ಕೊಡಬೇಕು. ಆ ಕಾಗದ ಕೇಳಿ ಓದ್ರಿ.

ಸುಮ್ನೆ_ಓದೋನು

ಆ ಘಟಕದಲ್ಲಿ ನೀರಿಗೆ ಏನು ಹಾಕುತ್ತಾರೆ? ದೊಡ್ಡ ಕೆಮಿಕಲ್ಲಾ?

ತೀರ್ಥಹಳ್ಳಿ_ಟು_ಸಿಯಾಟಲ್

ಸುಣ್ಣ!

ನಿಜವಾಗಲೂ. ಇದನ್ನು ಕೇಳಿ ನಾನು ಅಲ್ಲೇ ನಕ್ಕುಬಿಟ್ಟೆ. ಅಡಿಕೆ ತೋಟದವರಿಗೆ ಇದು ಗೊತ್ತಿರುವ ವಿದ್ಯೆ. ಕೊಳೆರೋಗಕ್ಕೆ ಬೋರ್ಡೋ ಅನ್ನೋ ಮದ್ದು ಮಾಡುವಾಗ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಗಣಿಯಿಂದ ಕರಗಿ ಬರುವ ಪೈಕಿ ಅದೂ ಒಂದು. ಸುಣ್ಣ ಬಿದ್ದರೆ ಹುಳಿ ಸಾಯುತ್ತದೆ, ಕರಗಿದ್ದ ತಾಮ್ರ ಗಸಿಯಾಗುತ್ತದೆ. ನಾವು ಆ ಗಸಿಯನ್ನು ಅಡಿಕೆ ಗೊನೆಗೆ ಹೊಡೆಯುತ್ತೇವೆ, ಅವರು ಅದನ್ನು ಸೋಸಿ ತೆಗೆದು ಗುಡ್ಡದ ಮೇಲೆ ಹಾಕುತ್ತಾರೆ, ಅಷ್ಟೇ ವ್ಯತ್ಯಾಸ. ಮದ್ದು ಹೊಡೆದ ಪೀಪಾಯಿ ಹಳ್ಳದಲ್ಲಿ ತೊಳೆದರೆ ಮೀನು ಸಾಯುತ್ತವೆ ಅಂತ ಅಜ್ಜಿ ಬೈಯುತ್ತಿದ್ದರು. ಹೋಲ್ಡನ್ ತೊರೆಯಲ್ಲಿ ಮೀನಿಗೆ ಏನಾಗಿತ್ತು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕುದುರೆಮುಖದ_ಹುಡುಗಿ

ಅಯ್ಯೋ ಎಷ್ಟು ಚೆನ್ನಾಗಿ ಅರ್ಥ ಆಯ್ತು. ಇದನ್ನು ಮೊದಲೇ ಬರೆಯೋದಲ್ವಾ!

ತೀರ್ಥಹಳ್ಳಿ_ಟು_ಸಿಯಾಟಲ್

ನಿನ್ನೆ ಫೋನಿನಲ್ಲಿ ಅಪ್ಪನಿಗೆ ಇದೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಕತ್ತಿ ಅದ್ದಿ ನೋಡಿದ್ಯಾ?"

ಗೊತ್ತಿಲ್ಲದವರಿಗೆ: ಬೋರ್ಡೋ ಸರಿಯಾಗಿದೆಯಾ ಅಂತ ನೋಡಲು ಕಬ್ಬಿಣದ ಕತ್ತಿ ಅದ್ದುತ್ತಾರೆ. ಅಲಗು ಕೆಂಪಾದರೆ ತಾಮ್ರ ಇನ್ನೂ ಕರಗಿಯೇ ಇದೆ, ಸುಣ್ಣ ಸಾಲದು ಅಂತ.

ಹಟ್ಟಿ_ಕಾಕಾ

ನಿಮ್ಮ ಅಪ್ಪಾರು ಭಾಳ ಶ್ಯಾಣ್ಯಾ ಅದಾರ. ತಾಮ್ರದ ಗಣಿ ನೀರಿಗೆ ಹಳೇ ಕಬ್ಬಿಣ ಹಾಕಿ ತಾಮ್ರ ಹಿಡಿಯೋ ಪದ್ಧತಿ ಅದೇ. ಆದರೆ ಬೋರ್ಡೋದಾಗ ತಾಮ್ರ ಲೀಟರಿಗೆ ಗ್ರಾಂ ಲೆಕ್ಕ, ಇಂಥ ಗಣಿ ನೀರಿನಾಗ ಮಿಲಿಗ್ರಾಂ ಲೆಕ್ಕ. ಒಂದು ಸಲ ಅದ್ದಿದರೆ ಕತ್ತಿ ಕೆಂಪಾಗಂಗಿಲ್ಲ. ಮೀನಿಗೆ ಮಾತ್ರ ಅದಕ್ಕಿಂತ ಕಡಿಮೆನೂ ಸಾಕು. ಅಪ್ಪಾರಿಗೆ ನಮಸ್ಕಾರ ಹೇಳ್ರಿ.